ಸೂಜಿ ಮೊಮ್ಮಗಳಿಗೆ, ಲಾಭ ಅಜ್ಜಿಗೂ

ಗುರುವಾರ ಅಂಗನವಾಡಿಯಲ್ಲಿ ಲಸಿಕೆ ಇದ್ದರೆ ಕೂಸುಗಳ ಅಳು ಬೀದಿ ತುದಿಗೇ ಕೇಳಿಸುತ್ತದೆ. ಒಂದೂವರೆ ತಿಂಗಳ ಪಾಪುವಿಗೆ ಬಾಯಿಗೆ ಹನಿ, ತೋಳಿಗೆ ಪೋಲಿಯೋ ಇಂಜೆಕ್ಷನ್, ಎಡ ತೊಡೆಗೆ ಐದು ಕಾಯಿಲೆ ತಡೆಯುವ ಪೆಂಟಾ, ಬಲ ತೊಡೆಗೆ ನ್ಯುಮೋನಿಯಾ ತಡೆಯುವ ಪಿಸಿವಿ. "ಇಷ್ಟು ಸಣ್ಣ ಮಗುಗೆ ಮೂರ್ ಮೂರು ಸೂಜಿನಾ ಸಿಸ್ಟರ್?" ಅಂತ ಅಜ್ಜಿಯರು ಕೇಳುವುದು ಮಾಮೂಲು.

ಬಲ ತೊಡೆಗೆ ಹೋಗುವ ಆ ಅರ್ಧ ಎಂಎಲ್ ಔಷಧಿ ಅಮೆರಿಕದ ಮಕ್ಕಳಿಗೆ 2000ದಲ್ಲೇ ಸಿಕ್ಕಿತ್ತು. ನಮ್ಮ ಸರ್ಕಾರಿ ಪಟ್ಟಿಗೆ 2017ರಲ್ಲಿ ಕೆಲವೇ ರಾಜ್ಯಗಳಲ್ಲಿ ಸೇರಿ, ದೇಶಕ್ಕೆಲ್ಲ ಬಂದದ್ದು 2021ರಲ್ಲಿ. ತಡವಾಗಲು ದೊಡ್ಡ ಕಾರಣ ದುಡ್ಡು.

ಪಿಸಿವಿ ಎದುರಿಸುವ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾ ಎಷ್ಟೋ ಮಕ್ಕಳ ಮೂಗು, ಗಂಟಲಲ್ಲಿ ಸುಮ್ನೆ ಕೂತಿರುತ್ತದೆ. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ: ಮಗು ಬೇಗ ಬೇಗ ಉಸಿರಾಡುತ್ತದೆ, ಪಕ್ಕೆ ಒಳಕ್ಕೆ ಸೆಳೆಯುತ್ತದೆ, ಹಾಲು ಕುಡಿಯುವುದನ್ನು ಬಿಡುತ್ತದೆ. ಮಿದುಳಿನ ಪೊರೆಗೆ ತಗುಲಿದರೆ ಮೆನಿಂಜೈಟಿಸ್. ಇದರ ಮೈಮೇಲೆ ಸಕ್ಕರೆ ಜಾತಿಯ ಒಂದು ಕವಚವಿದೆ. ಎರಡು ವರ್ಷದೊಳಗಿನ ಮಕ್ಕಳ ದೇಹಕ್ಕೆ ಬರೀ ಆ ಕವಚ ತೋರಿಸಿದರೆ ಸರಿಯಾಗಿ ಎಚ್ಚರವಾಗುವುದಿಲ್ಲ. ಅದಕ್ಕೇ ಲಸಿಕೆಯಲ್ಲಿ ಕವಚದ ತುಣುಕನ್ನು ಒಂದು ಪ್ರೋಟೀನಿಗೆ ಅಂಟಿಸಿ ಕೊಡುತ್ತಾರೆ. ಕವಚಗಳೋ 90ಕ್ಕೂ ಜಾಸ್ತಿ ಬಗೆ. ಲಸಿಕೆಗೆ ಸೇರಿಸುವ ಒಂದೊಂದನ್ನೂ ಬೇರೆ ಬೇರೆ ಬೆಳೆಸಿ, ಶುದ್ಧ ಮಾಡಿ, ಅಂಟಿಸಿ, ಪರೀಕ್ಷೆ ಮಾಡಬೇಕು. ಅಗ್ಗವಾಗುವುದು ಹೇಗೆ ಹೇಳಿ?

ಅಮೆರಿಕದಲ್ಲಿ ಮೊದಲ ಲಸಿಕೆಗೆ ಡೋಸಿಗೆ 58 ಡಾಲರ್, ಮಗುವಿಗೆ ನಾಲ್ಕು ಡೋಸ್. ಅಪ್ಪ ಅಮ್ಮ ಕೆಲಸಕ್ಕೆ ರಜೆ ಹಾಕಿದ ನಷ್ಟವನ್ನು ಸೇರಿಸಿದರೂ, ಬೆಲೆ 46 ಡಾಲರಿಗಿಂತ ಕೆಳಗಿಳಿಯದೆ ದುಡ್ಡು ಉಳಿಯುವುದಿಲ್ಲ ಅಂತ 2000ದಲ್ಲೇ ಲೆಕ್ಕ ಹಾಕಿದ್ದರು. ಐದು ವರ್ಷ ಬಳಸಿ ನೋಡಿದ ಮೇಲೆ ಇನ್ನೊಂದು ಲೆಕ್ಕ ಬಂತು. ಚುಚ್ಚಿಸಿಕೊಂಡ ಮಕ್ಕಳನ್ನಷ್ಟೇ ಎಣಿಸಿದರೆ ತಪ್ಪಿದ ತೀವ್ರ ಸೋಂಕು 38,000. ಉಳಿದ ಆಯುಷ್ಯದ ಒಂದೊಂದು ವರ್ಷಕ್ಕೂ ತಗುಲಿದ್ದು 1,12,000 ಡಾಲರ್. ಆದರೆ ಲಸಿಕೆಯನ್ನೇ ಪಡೆಯದವರಲ್ಲೂ, ಅದರಲ್ಲೂ ವಯಸ್ಸಾದವರಲ್ಲಿ, ಕಾಯಿಲೆ ಇಳಿದಿತ್ತು. ಮಗುವಿನ ಮೂಗಲ್ಲಿ ಬ್ಯಾಕ್ಟೀರಿಯಾ ಇಲ್ಲದಿದ್ದರೆ, ಅದನ್ನು ಮುದ್ದಾಡುವ ಅಜ್ಜಿಗೆ ದಾಟುವುದಾದರೂ ಎಲ್ಲಿಂದ? ಅವರನ್ನೂ ಸೇರಿಸಿದಾಗ ತಪ್ಪಿದ ಸೋಂಕು 1,09,000ಕ್ಕೆ ಏರಿತು, ವೆಚ್ಚ 7,500 ಡಾಲರಿಗೆ ಬಿತ್ತು. ಲಸಿಕೆ ಅದೇ, ಬೆಲೆ ಅದೇ. ಪುಸ್ತಕದಲ್ಲಿ ಯಾರ ಹೆಸರು ಬರೆದುಕೊಂಡರು ಅನ್ನುವುದಷ್ಟೇ ಬೇರೆ.

ನಷ್ಟದ ಕಡೆಗೂ ಒಂದು ಬಾಬತ್ತು ಬರೆಯಬೇಕು. ಆ ಲಸಿಕೆ ತಡೆಯುತ್ತಿದ್ದ ಏಳು ಬಗೆ ಬ್ಯಾಕ್ಟೀರಿಯಾ ಮೂಗಲ್ಲಿ ಜಾಗ ಖಾಲಿ ಮಾಡಿದಾಗ, ಲಸಿಕೆಯಲ್ಲಿಲ್ಲದ 19ಎ ಎಂಬ ಬಗೆ ಬಂದು ಕೂತಿತು. 2010ರಲ್ಲಿ 13 ಬಗೆಯ ಲಸಿಕೆ ತರಬೇಕಾಯಿತು. ಈ ಆಟ ಇನ್ನೂ ಮುಗಿದಿಲ್ಲ.

ನಮ್ಮಲ್ಲಿ ಖಾಸಗಿಯಾಗಿ ಆ 13 ಬಗೆಯದನ್ನು ಹಾಕಿಸಿದರೆ ಡೋಸಿಗೆ ನಾಲ್ಕು ಸಾವಿರ ರೂಪಾಯಿಯ ಹತ್ತಿರ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ 10 ಬಗೆಗಳ 'ನ್ಯುಮೊಸಿಲ್' ತಯಾರಿಸಿ, ಬಡ ದೇಶಗಳಿಗೆ ಡೋಸಿಗೆ 2 ಡಾಲರಿನಂತೆ ಕೊಡಲು ಒಪ್ಪಿತು. 19ಎ ಅದರಲ್ಲಿದೆ. ನಮ್ಮ ಸರ್ಕಾರಿ ಪಟ್ಟಿಯಲ್ಲಿ ಮೂರೇ ಡೋಸ್: ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ. ಅಲ್ಲೂ ಒಂದು ಡೋಸಿನ ಖರ್ಚು ಉಳಿಯಿತು.

ಇಷ್ಟಾದರೂ ಎಲ್ಲ ನ್ಯುಮೋನಿಯಾವನ್ನೂ ಇದು ತಡೆಯುವುದಿಲ್ಲ. ವೈರಸ್‌ಗಳಿಂದಲೂ ಬರುತ್ತದಲ್ಲ. "ಹಾಕಿಸಿದ್ವಿ, ಆದ್ರೂ ಬಂತು" ಅನ್ನುವ ತಾಯಿಯ ಮಾತು ಸುಳ್ಳಲ್ಲ. ತಪ್ಪಿಹೋದ ಕಾಯಿಲೆ ಯಾರ ಕಣ್ಣಿಗೂ ಬೀಳುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಕೂಲಿ ಮಾಡುವ ಅಪ್ಪ ಆಸ್ಪತ್ರೆ ಬಾಗಿಲಲ್ಲಿ ಕಳೆಯಬೇಕಿದ್ದ ಐದು ದಿನ, ಬಸ್ ಚಾರ್ಜು, ಗಿರವಿಗೆ ಹೋಗಬೇಕಿದ್ದ ಕಿವಿಯೋಲೆ. ನನ್ನ ಮಟ್ಟಿಗೆ ನಮ್ಮ ಲೆಕ್ಕ ಶುರುವಾಗಬೇಕಾದದ್ದು ಇವುಗಳಿಂದ.

ಅಂಗನವಾಡಿಯಲ್ಲಿ ಪಾಪು ಇನ್ನೂ ಬಿಕ್ಕುತ್ತಿದೆ. ಅಜ್ಜಿ ಅದರ ಕೆನ್ನೆಗೆ ಕೆನ್ನೆ ಒತ್ತಿಕೊಂಡು ಬಲ ತೊಡೆ ಉಜ್ಜಲು ಕೈ ಹಾಕುತ್ತಾರೆ. "ಉಜ್ಜಬೇಡಿ ಅಜ್ಜಿ, ಅರ್ಧ ಗಂಟೆ ಇಲ್ಲೇ ಕೂತಿರಿ" ಅನ್ನುತ್ತಾರೆ ಸಿಸ್ಟರ್.