ಸತ್ತರೆ ಹೋಗುವುದೆಷ್ಟು? ಸರ್ವೈವಲ್ ಗೇಮ್‌ಗಳಲ್ಲಿ ದಾಸ್ತಾನಿನ ಲೆಕ್ಕ

ಬದುಕುಳಿಯುವುದೇ ಸವಾಲಾಗಿರುವ ಸರ್ವೈವಲ್ ಗೇಮ್‌ಗಳಲ್ಲೊಂದಾದ ಮೈನ್‌ಕ್ರಾಫ್ಟ್‌ನಲ್ಲಿ ಆಟಗಾರ ಸತ್ತರೆ ಅವನು ಹೊತ್ತಿದ್ದ ಸಾಮಾನೆಲ್ಲ ಸತ್ತ ಜಾಗದಲ್ಲೇ ಚೆಲ್ಲಿಬೀಳುತ್ತದೆ. ಮತ್ತೆ ಹುಟ್ಟಿಬಂದ ಅವನು ಐದು ನಿಮಿಷದೊಳಗೆ ಹೋಗಿ ಹೆಕ್ಕಿಕೊಳ್ಳದಿದ್ದರೆ ಅದು ಮಾಯವಾಗುತ್ತದೆ, ಲಾವಾಕ್ಕೆ ಬಿದ್ದದ್ದಂತೂ ಹೆಚ್ಚುಕಡಿಮೆ ಆಗಲೇ ಸುಟ್ಟುಹೋಗುತ್ತದೆ. ಮನೆಯ ಪೆಟ್ಟಿಗೆಯಲ್ಲಿಟ್ಟದ್ದಕ್ಕೆ ಮಾತ್ರ ಏನೂ ಆಗುವುದಿಲ್ಲ. ಈ ಎರಡು ನಿಯಮಗಳನ್ನು ಒಟ್ಟಿಗೆ ಓದಿದರೆ ಒಂದು ಸರಳ ಗಣಿತ ಸಿಗುತ್ತದೆ: ಒಂದು ಸುತ್ತಿನಲ್ಲಿ ಆಟಗಾರ ಕಳೆದುಕೊಳ್ಳಬಹುದಾದ ಸರಾಸರಿ ಮೊತ್ತವೆಂದರೆ ಅವನು ಹೊತ್ತ ಸಾಮಾನಿನ ಬೆಲೆಯನ್ನು ಅವನು ಸಾಯುವ ಸಂಭವನೀಯತೆಯಿಂದ ಗುಣಿಸಿದಷ್ಟು. ಸಾವಿಗೆ ದಂಡವೆಷ್ಟು ಎಂಬುದನ್ನು ಆಟ ತಯಾರಿಸಿದವರು ನಿಗದಿ ಮಾಡಿದಂತೆ ಕಂಡರೂ, ಹೊತ್ತ ಸಾಮಾನಿನ ಬೆಲೆಯನ್ನು ನಿರ್ಧರಿಸುವವನು ಆಟಗಾರ. ಅವನ ಕೈಗೆ ಆ ಅಧಿಕಾರವನ್ನು ಕೊಟ್ಟಿರುವುದು ಪೆಟ್ಟಿಗೆ.

ಆ ಅಧಿಕಾರ ಹೇಗೆ ಬಳಕೆಯಾಗುತ್ತದೆ ಎಂಬುದನ್ನು ಮಂಗಳೂರಿನ ಬಿಜೈಯಲ್ಲಿರುವ ಅಕ್ಕನ ಮನೆಯಲ್ಲಿ, ಹೊರಗೆ ಹೋಗಲಾರದಷ್ಟು ಮಳೆ ಸುರಿಯುತ್ತಿದ್ದ ಒಂದು ಜೂನ್ ಸಂಜೆ ನೋಡಿದೆ. ಗಣಿಗೆ ಇಳಿಯುವ ಮೊದಲು ಅಕ್ಕನ ಮಗ ವಜ್ರದ ಹಾರೆಯನ್ನೂ ವಜ್ರದ ಕವಚವನ್ನೂ ಒಂದೊಂದಾಗಿ ಪೆಟ್ಟಿಗೆಗೆ ಸೇರಿಸಿ, ಕಬ್ಬಿಣದ ಹಾರೆ, ಒಂದಿಷ್ಟು ರೊಟ್ಟಿ ಮತ್ತು ಪಂಜುಗಳನ್ನಷ್ಟೇ ಹಿಡಿದು ಹೊರಟ. ಕಷ್ಟಪಟ್ಟು ಮಾಡಿದ್ದನ್ನು ಬಳಸುವುದಿಲ್ಲವೇ ಎಂದು ಕೇಳಿದರೆ, "ಮಾಮ, ಅದು ಮನೆಯಲ್ಲೇ ಇರಲಿ, ಸತ್ತರೆ ಹೋಗ್ತದಲ್ಲ" ಎಂದ. ಅವನ ತರ್ಕದಲ್ಲಿ ತಪ್ಪಿಲ್ಲ. ಆದರೆ ಅಪಾಯವನ್ನು ಎದುರಿಸಲೆಂದೇ ಇರುವ ಕವಚ ಅಪಾಯವಿಲ್ಲದ ಕೋಣೆಯಲ್ಲಿ ಕೂತಿದೆ, ಅಪಾಯವಿರುವಲ್ಲಿಗೆ ಹೋದವನು ಬರಿಮೈಯಲ್ಲಿದ್ದಾನೆ ಎಂದರೆ, ದಂಡವೂ ದಾಸ್ತಾನೂ ಸೇರಿ ಆಟದ ಅತ್ಯುತ್ತಮ ವಸ್ತುಗಳನ್ನೇ ಆಟದಿಂದ ಹೊರಗಿಟ್ಟಂತಾಯಿತು.

ಹುಡುಗನ ಈ ಎಚ್ಚರಿಕೆಯ ಹಿಂದೆ ಚೆನ್ನಾಗಿ ಅಧ್ಯಯನವಾದ ಮನೋಧರ್ಮವೊಂದಿದೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ 1979ರಲ್ಲಿ ಪ್ರಕಟಿಸಿದ ಸಿದ್ಧಾಂತದ ಪ್ರಕಾರ, ಒಂದು ಮೊತ್ತವನ್ನು ಗಳಿಸಿದಾಗ ಆಗುವ ಸಂತೋಷಕ್ಕಿಂತ ಅಷ್ಟನ್ನೇ ಕಳೆದುಕೊಂಡಾಗ ಆಗುವ ಸಂಕಟ ದೊಡ್ಡದು. 1992ರಲ್ಲಿ ಅವರು ಈ ಅನುಪಾತವನ್ನು ಸುಮಾರು 2.25 ಎಂದು ಅಂದಾಜಿಸಿದರು. ಅದು ಹಣದ ಪಂದ್ಯಗಳಿಂದ ಬಂದ ಸಂಖ್ಯೆಯಾದ್ದರಿಂದ ವಜ್ರದ ಹಾರೆಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಆದರೂ ದಿಕ್ಕು ಸ್ಪಷ್ಟವಾಗಿದೆ. ಸ್ವಂತ ಕೈಯಿಂದ ಮಾಡಿದ್ದಕ್ಕೆ ಜನ ಹೆಚ್ಚು ಬೆಲೆ ಕಟ್ಟುತ್ತಾರೆ ಎಂದು ಬೇರೆ ಪ್ರಯೋಗಗಳು ತೋರಿಸಿವೆ, ಮತ್ತು ಸರ್ವೈವಲ್ ಗೇಮ್‌ನಲ್ಲಿ ಆಟಗಾರನ ಬಳಿ ಇರುವುದು ಬಹುಪಾಲು ಅವನೇ ಅಗೆದು, ಕರಗಿಸಿ, ಜೋಡಿಸಿದ್ದು.

ಹಾಗಾದರೆ ಪೆಟ್ಟಿಗೆಯನ್ನೇ ತೆಗೆದುಬಿಟ್ಟರೆ? ಆಗ ಇರುವುದೆಲ್ಲ ಹೆಗಲ ಮೇಲೆ, ಒಂದು ಸಾವು ಎಂದರೆ ಎಲ್ಲದರ ಅಂತ್ಯ. 1980ರ ರೋಗ್ ಎಂಬ ಆಟದಿಂದ ಮೊದಲಾದ ಪರಂಪರೆ ಇದನ್ನೇ ಆಯ್ದುಕೊಂಡಿತು, ಅದಕ್ಕೆ ಅದರದೇ ಅಭಿಮಾನಿಗಳಿದ್ದಾರೆ. ಆದರೆ ಮನೆ ಕಟ್ಟಿ ನೆಲೆಯೂರುವುದೇ ಸುಖವಾಗಿರುವ ಆಟದಲ್ಲಿ ಈ ಉಪಾಯ ನಡೆಯುವುದಿಲ್ಲ.

ಸುರಕ್ಷಿತ ಪೆಟ್ಟಿಗೆಗೆ ಇನ್ನೊಂದು ಕಾಯಿಲೆಯಿದೆ, ಅದು ಆಟದ ಕೊನೆಗೆ ಮಾತ್ರ ಕಾಣಿಸಿಕೊಳ್ಳುತ್ತದೆ. ಮೈನ್‌ಕ್ರಾಫ್ಟ್‌ನ ಎಂಡರ್ ಚೆಸ್ಟ್‌ನಲ್ಲಿ 27 ಖಾನೆಗಳಿವೆ. ಇಂಥ ಪೆಟ್ಟಿಗೆಯೊಂದನ್ನು ಜಗತ್ತಿನ ಯಾವ ಮೂಲೆಯಲ್ಲಿಟ್ಟು ತೆರೆದರೂ ಆ ಆಟಗಾರನ ಅದೇ ಸಾಮಾನು ಸಿಗುತ್ತದೆ, ಅವನು ಸತ್ತರೂ ಅದು ಕದಲುವುದಿಲ್ಲ. 27 ಖಾನೆಗೆ ಮಿತಿಯಿದ್ದಷ್ಟು ದಿನ ಏನನ್ನು ಕಾಪಾಡಬೇಕು, ಏನನ್ನು ಪಣಕ್ಕಿಡಬೇಕು ಎಂದು ಯೋಚಿಸಬೇಕಾಗಿತ್ತು. 2016ರಲ್ಲಿ ಶಲ್ಕರ್ ಬಾಕ್ಸ್ ಎಂಬ, ತುಂಬಿದಂತೆಯೇ ಹೊತ್ತೊಯ್ಯಬಹುದಾದ ಪೆಟ್ಟಿಗೆ ಬಂತು. ಅದರೊಳಗೂ 27 ಖಾನೆಗಳು, ತುಂಬಿದ ಬಾಕ್ಸನ್ನೇ ಎಂಡರ್ ಚೆಸ್ಟಿನ ಒಂದು ಖಾನೆಯಲ್ಲಿಡಬಹುದು. ಹೀಗೆ 27ರಿಂದ 27ನ್ನು ಗುಣಿಸಿದರೆ 729 ಖಾನೆ, ಒಂದೊಂದರಲ್ಲಿ ಹೆಚ್ಚೆಂದರೆ 64ರಂತೆ 46,656 ವಸ್ತುಗಳು ಸಾವಿನ ಕೈಗೆ ಎಟುಕದ ಜಾಗದಲ್ಲಿ. ಬಾಕ್ಸ್ ಸಿಗುವುದು ಎಂಡ್ ಎಂಬ ಕೊನೆಯ ಲೋಕದಲ್ಲಾದ್ದರಿಂದ ಇದನ್ನು ಗೆದ್ದವನಿಗೆ ಕೊಟ್ಟ ಬಹುಮಾನವೆಂದು ಸಮರ್ಥಿಸಬಹುದು. ನನಗೆ ಆ ವಾದ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ, ಏಕೆಂದರೆ ಮೊದಲ ವಾರದ ಬಡ ಆಟಗಾರನಿಗೆ ಕಠಿಣವಾಗಿದ್ದ ದಂಡ ಶ್ರೀಮಂತನಾದ ಮೇಲೆ ಬರೀ ಕಿರಿಕಿರಿಯಾಗಿ ಉಳಿಯುತ್ತದೆ.

2021ರ ಫೆಬ್ರುವರಿಯಲ್ಲಿ ಬಂದ ಇನ್ನೊಂದು ಸರ್ವೈವಲ್ ಗೇಮ್ ವಾಲ್‌ಹೈಮ್ ಈ ಗಂಟನ್ನು ಬೇರೆ ತುದಿಯಿಂದ ಬಿಚ್ಚುತ್ತದೆ. ಸತ್ತವನ ಸಾಮಾನು ಅವನು ಬಿದ್ದಲ್ಲೇ ಒಂದು ಗೋರಿಕಲ್ಲಿನೊಳಗೆ ಸೇರುತ್ತದೆ, ಮತ್ತು ಆ ಕಲ್ಲು ಕಾಲಾವಧಿ ಮುಗಿದು ಮಾಯವಾಗುವುದಿಲ್ಲ. ವಸ್ತುವನ್ನು ಕಿತ್ತುಕೊಳ್ಳುವ ಬದಲು ಆಟ ಪ್ರಯಾಣವನ್ನು ಕೇಳುತ್ತದೆ: ಕೈಯಲ್ಲಿ ಏನೂ ಇಲ್ಲದೆ, ಸಾಯಿಸಿದ ಅದೇ ಕಾಡಿಗೆ ಮತ್ತೆ ಹೋಗಬೇಕು. ಇದರ ಜೊತೆಗೆ ಪ್ರತಿಯೊಂದು ಕೌಶಲದ ಮಟ್ಟವೂ ಮೂಲ ನಿಯಮದಂತೆ 5 ಶೇಕಡಾ ಇಳಿಯುತ್ತದೆ. ಈ ಶೇಕಡಾ ಲೆಕ್ಕದಲ್ಲಿ ಜಾಣತನವಿದೆ. 10ನೇ ಮಟ್ಟದಲ್ಲಿರುವವನು ಅರ್ಧ ಮಟ್ಟ ಕಳೆದುಕೊಂಡರೆ 80ರಲ್ಲಿರುವವನು ನಾಲ್ಕು ಮಟ್ಟ ಕಳೆದುಕೊಳ್ಳುತ್ತಾನೆ, ಕೌಶಲವನ್ನು ಪೆಟ್ಟಿಗೆಯಲ್ಲಿ ಬಚ್ಚಿಡಲು ಬರುವುದಿಲ್ಲವಾದ್ದರಿಂದ ದಂಡ ಆಟಗಾರನ ಸಿರಿವಂತಿಕೆಯ ಜೊತೆಗೇ ಬೆಳೆಯುತ್ತದೆ. ಬರಿಗೈಯಲ್ಲಿ ಹೋದವನು ದಾರಿಯಲ್ಲೇ ಮತ್ತೆ ಸಾಯುವ ಸಂಭವ ಹೆಚ್ಚೆಂದು ಗೊತ್ತಿದ್ದೇ, ಸತ್ತ ಮೇಲೆ ಸ್ವಲ್ಪ ಹೊತ್ತು ಕೌಶಲ ಮತ್ತೆ ಇಳಿಯದಂತೆ ತಡೆಯನ್ನೂ ಇಟ್ಟಿದ್ದಾರೆ.

ದಾಸ್ತಾನಿನ ಕಡೆಗೂ ವಾಲ್‌ಹೈಮ್ ಕೈಹಾಕಿದೆ. ಪೋರ್ಟಲ್ ಎಂಬ ಮರದ ದ್ವಾರದಿಂದ ಆಟಗಾರ ಕ್ಷಣದಲ್ಲಿ ಮನೆ ಸೇರಬಹುದು, ಆದರೆ ಸಾಮಾನ್ಯ ನಿಯಮದಲ್ಲಿ ತಾಮ್ರ, ಕಬ್ಬಿಣಗಳಂಥ ಲೋಹಗಳು ಅದರಲ್ಲಿ ದಾಟುವುದಿಲ್ಲ; ಅವನ್ನು ಹೊತ್ತೋ ಹಡಗಿನಲ್ಲೋ ತರಬೇಕು. ಮಲ್ಪೆಯಿಂದ ಆಳಸಮುದ್ರಕ್ಕೆ ಹೊರಡುವ ಬೋಟಿನವರಿಗೆ ಈ ಲೆಕ್ಕ ಹೊಸದಲ್ಲ. ಎಷ್ಟು ಐಸು, ಎಷ್ಟು ಡೀಸೆಲ್ ತುಂಬಿಸಿಕೊಂಡಿದ್ದಾರೋ ಅದರ ಮೇಲೆ ಎಷ್ಟು ದಿನ ಕಡಲಲ್ಲಿರಬಹುದು ಎಂಬುದು ನಿಂತಿದೆ, ಮೀನು ಸಿಕ್ಕಷ್ಟೂ ಅದನ್ನು ಕೆಡದಂತೆ ದಕ್ಕೆಗೆ ಮುಟ್ಟಿಸುವ ಚಿಂತೆ ಬೆಳೆಯುತ್ತದೆ. ಸಿಕ್ಕಿದ್ದು ದಡ ಸೇರುವವರೆಗಿನ ದಾರಿಯೇ ಅಪಾಯದ ಜಾಗ. ಆಟದಲ್ಲಿಯೂ ಪೆಟ್ಟಿಗೆ ಎಷ್ಟು ಭದ್ರ ಎಂಬುದಕ್ಕಿಂತ ಅದು ಎಷ್ಟು ದೂರ ಎಂಬುದು ಸಾವಿಗೆ ತೂಕ ಕೊಡುತ್ತದೆ ಎಂದು ನನಗನ್ನಿಸುತ್ತದೆ. ಎಲ್ಲಿ ಬೇಕೆಂದರಲ್ಲಿ ತೆರೆಯುವ ಎಂಡರ್ ಚೆಸ್ಟ್ ಅಳಿಸಿಹಾಕಿರುವುದು ಆ ದೂರವನ್ನು.

ರಸ್ಟ್ ಆಟದಲ್ಲಿ ಪೆಟ್ಟಿಗೆಯೇ ಭದ್ರವಲ್ಲ. ಬೇರೆ ಆಟಗಾರರು ಗೋಡೆ ಒಡೆದು ದೋಚಬಹುದು, ನಿರ್ವಹಣೆಗೆ ಸಾಮಗ್ರಿ ಹಾಕದಿದ್ದರೆ ಕಟ್ಟಡ ತಾನಾಗಿ ಶಿಥಿಲವಾಗುತ್ತದೆ. ಸಂಗ್ರಹದ ಅತಿರೇಕಕ್ಕೆ ಇದು ಮದ್ದು ಹೌದು, ಆದರೆ ಕೆಲಸಕ್ಕೆ ಹೋಗುವವರ ಮದ್ದಲ್ಲ: ಆಟ ಬಿಟ್ಟು ಹೊರಟವನ ದೇಹ ಅಲ್ಲೇ ಮಲಗಿರುತ್ತದೆ, ಮಲಗಿದ್ದಲ್ಲೇ ಅದನ್ನು ಕೊಲ್ಲಲೂಬಹುದು.

ಹಾಗೆ ಮಾಡಿರುವುದಕ್ಕೆ ಕಾರಣವೂ ಇದೆ. ಸೋಲುವ ಹೊತ್ತಿಗೆ ತಂತಿ ಕಿತ್ತು ತಪ್ಪಿಸಿಕೊಂಡವನಿಗೂ ಗುಡುಗಿಗೆ ಕರೆಂಟ್ ಹೋದವನಿಗೂ ಇರುವ ವ್ಯತ್ಯಾಸ ಸರ್ವರ್‌ಗೆ ಕಾಣಿಸುವುದಿಲ್ಲ. ಅದಕ್ಕೆ ಗೊತ್ತಾಗುವುದು ಸಂಪರ್ಕ ಕಡಿದದ್ದು ಮಾತ್ರ. ದಂಡ ಬೀಳಬೇಕಾದದ್ದು ಆಟಗಾರನ ತೀರ್ಮಾನದ ಮೇಲೆ, ಆಕಸ್ಮಿಕದ ಮೇಲಲ್ಲ ಎಂದು ಒಪ್ಪಿದರೆ, ಮುಂಗಾರಿನಲ್ಲಿ ಮಂಗಳೂರು, ಉಡುಪಿಯ ಕಡೆ ಗೆಳೆಯರೊಡನೆ ಒಂದೇ ಸರ್ವರ್‌ನಲ್ಲಿ ಆಡುವವರಿಗೆ ಇದು ಚಿಕ್ಕ ವಿಷಯವಲ್ಲ. ಮೈನ್‌ಕ್ರಾಫ್ಟ್‌ನ ಐದು ನಿಮಿಷ ಓಡುವುದು ಜಗತ್ತಿನ ಆ ಭಾಗ ಸಕ್ರಿಯವಾಗಿರುವಾಗ ಮಾತ್ರ. ಒಬ್ಬನೇ ಆಡುವವನು ದೂರದ ಮನೆಯಲ್ಲಿ ಎದ್ದರೆ ಸಾಮಾನ್ಯವಾಗಿ ಗಡಿಯಾರ ನಿಂತಿರುತ್ತದೆ. ಆದರೆ ಗೆಳೆಯನೊಬ್ಬ ಅದೇ ಗುಹೆಯಲ್ಲಿದ್ದರೆ ಅದು ಓಡುತ್ತಲೇ ಇರುತ್ತದೆ, ಕರೆಂಟ್ ಹೋದವನು ಮರಳಿ ಬರುವುದರೊಳಗೆ ಗೆಳೆಯ ಹೆಕ್ಕಿಡದಿದ್ದರೆ ನೆಲದಲ್ಲಿ ಏನೂ ಉಳಿದಿರುವುದಿಲ್ಲ. ವಾಲ್‌ಹೈಮ್‌ನ ಗೋರಿಕಲ್ಲಿಗೆ ಗಡಿಯಾರವೇ ಇಲ್ಲದಿರುವುದರಿಂದ ಅಲ್ಲಿ ಆ ಗೆಳೆಯ ಗುಹೆಯಲ್ಲೇ ಇದ್ದರೂ ಅಡ್ಡಿಯಿಲ್ಲ, ಕರೆಂಟ್ ಮರುದಿನ ಬಂದರೂ ಅಡ್ಡಿಯಿಲ್ಲ.