ಪೈಲಟ್ ಸುಮ್ನೆ ‘ಓಕೆ’ ಅಂದ್ರೆ ಸಾಲದಾ?

ಓದುಗರ ಪ್ರಶ್ನೆ: ಪೈಲಟ್ ಮತ್ತು ಏರ್ ಟ್ರಾಫಿಕ್ ಕಂಟ್ರೋಲರ್ ಮಾತಾಡುವ ವಿಡಿಯೋಗಳನ್ನು ಯೂಟ್ಯೂಬ್‌ನಲ್ಲಿ ನೋಡ್ತಿರ್ತೀನಿ. ಕಂಟ್ರೋಲರ್ ಏನು ಹೇಳಿದರೂ ಪೈಲಟ್ ಅದನ್ನೇ ಮತ್ತೆ ಒಪ್ಪಿಸುತ್ತಾರೆ. ಆಕಾಶದಲ್ಲಿ ಅಷ್ಟೊಂದು ವಿಮಾನ ಇರುವಾಗ ಇದರಿಂದ ಟೈಮ್ ಹಾಳಾಗಲ್ವಾ? ಸುಮ್ನೆ ‘ಓಕೆ’ ಅಂದು ಮುಗಿಸಬಾರದಾ?

ಬಾರದು. ಈ ಪ್ರಶ್ನೆ ತುಂಬಾ ಜನ ಕೇಳ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ದಿನಸಿ ಅಂಗಡಿಗೆ ಫೋನ್ ಮಾಡಿ ‘ಇಪ್ಪತ್ತು ಕೆಜಿ ಅಕ್ಕಿ ಕಳಿಸಿ’ ಅನ್ನುತ್ತೀರಿ. ಅಂಗಡಿಯವರು ‘ಆಯ್ತು’ ಅಂದು ಫೋನ್ ಇಟ್ಟರೆ ಅವರಿಗೆ ಕೇಳಿಸಿದ್ದು ಇಪ್ಪತ್ತೋ ಎಪ್ಪತ್ತೋ ನಿಮಗೆ ಗೊತ್ತಾಗಲ್ಲ. ಅವರು ‘ಎಪ್ಪತ್ತು ಕೆಜಿ ಅಲ್ವಾ’ ಅಂತ ತಿರುಗಿ ಕೇಳಿದರೆ ಮಾತ್ರ ನೀವು ‘ಅಯ್ಯೋ ಅಲ್ಲ, ಇಪ್ಪತ್ತು, ಎರಡರ ಮುಂದೆ ಸೊನ್ನೆ’ ಅನ್ನಬಹುದು. ‘ಆಯ್ತು’ ಅನ್ನುವ ಮಾತಿನಲ್ಲಿ ತಪ್ಪು ಕಾಣಿಸೋದೇ ಇಲ್ಲ. ಪೈಲಟ್ ‘ಓಕೆ’ ಅಂದರೂ ಇದೇ ಕಥೆ. ಹೀಗೆ ತಿರುಗಿ ಒಪ್ಪಿಸುವುದಕ್ಕೆ ರೀಡ್‌ಬ್ಯಾಕ್ ಅಂತಾರೆ. ಒಪ್ಪಿಸಿದ್ದನ್ನು ಕಂಟ್ರೋಲರ್ ಕಿವಿಗೊಟ್ಟು ಕೇಳಿ, ತಾನು ಹೇಳಿದ್ದಕ್ಕೆ ತಾಳೆ ನೋಡುವುದು ಹಿಯರ್‌ಬ್ಯಾಕ್. ನಮಗೆ ವಿಡಿಯೋದಲ್ಲಿ ಕೇಳಿಸೋದು ಮೊದಲನೆಯದು ಮಾತ್ರ. ಎರಡನೆಯದು ಕಂಟ್ರೋಲರ್ ತಲೆಯೊಳಗೆ ನಡೆಯುತ್ತದೆ, ಮತ್ತು ಕೈಕೊಡೋದು ಜಾಸ್ತಿ ಅಲ್ಲೇ ಅಂತ ನನ್ನ ಅಭಿಪ್ರಾಯ.

ಯಾಕೆ ಅಂತ ಒಂದು ಅಪಘಾತದಿಂದ ಹೇಳ್ತೀನಿ. 1989ರ ಫೆಬ್ರವರಿ 19. ಫ್ಲೈಯಿಂಗ್ ಟೈಗರ್ ಕಂಪನಿಯ ಬೋಯಿಂಗ್ 747 ಸರಕು ವಿಮಾನ ಸಿಂಗಾಪುರದಿಂದ ಕೌಲಾಲಂಪುರಕ್ಕೆ ಬರುತ್ತಿತ್ತು. ಒಳಗೆ ನಾಲ್ಕು ಜನ. ವಿಮಾನ 2,400 ಅಡಿಗೆ ಇಳಿಯಬೇಕಿತ್ತು. ಕಂಟ್ರೋಲರ್ ಹೇಳಿದ್ದು ‘ಡಿಸೆಂಡ್ ಟೂ ಫೋರ್ ಜೀರೋ ಜೀರೋ’. ಎರಡು, ನಾಲ್ಕು, ಸೊನ್ನೆ, ಸೊನ್ನೆ. ಆದರೆ ಇಂಗ್ಲಿಷ್‌ನಲ್ಲಿ ಎರಡು ಅನ್ನುವ ‘ಟೂ’ಗೂ, ‘ಅಲ್ಲಿಯವರೆಗೆ’ ಅನ್ನುವ ‘ಟು’ಗೂ ರೇಡಿಯೋದಲ್ಲಿ ವ್ಯತ್ಯಾಸವೇ ಇಲ್ಲ. ವಿಮಾನದಲ್ಲಿದ್ದವರಿಗೆ ಅರ್ಥವಾಗಿದ್ದು ‘ನಾಲ್ಕು ನೂರಕ್ಕೆ ಇಳಿಯಿರಿ’ ಅಂತ. ಅವರು ತಿರುಗಿ ಹೇಳಿದ್ದು ‘ಓಕೆ, ಫೋರ್ ಜೀರೋ ಜೀರೋ’.

ಇಲ್ಲಿ ಸ್ವಲ್ಪ ನಿಂತು ನೋಡಿ. ಪೈಲಟ್ ತನ್ನ ಕೆಲಸ ಮಾಡಿಯಾಗಿದೆ, ತನಗೆ ಕೇಳಿಸಿದ್ದನ್ನು ಬಾಯಿಬಿಟ್ಟು ಹೇಳಿಯಾಗಿದೆ, ತಪ್ಪು ರೇಡಿಯೋದಲ್ಲಿ ಎಲ್ಲರಿಗೂ ಕೇಳುವಂತೆ ಬಿದ್ದಿದೆ. ಒಂದು ಅಂಕಿ ಕಮ್ಮಿ ಇದೆ. ಅದನ್ನು ಯಾರೂ ಹಿಡಿಯಲಿಲ್ಲ. ನೆಲ ಹತ್ತಿರ ಬರ್ತಿದೆ ಅಂತ ಕಾಕ್‌ಪಿಟ್‌ನ ಎಚ್ಚರಿಕೆ ಸಾಧನ ಕೂಗಿಕೊಂಡಿತು. ಅದಕ್ಕೂ ಯಾರೂ ಕಿವಿಗೊಡಲಿಲ್ಲ. ವಿಮಾನ ಗುಡ್ಡಕ್ಕೆ ಬಡಿಯಿತು. ನಾಲ್ವರೂ ಹೋದರು.

ಎತ್ತರವನ್ನು ‘ಟೂ ಥೌಸಂಡ್ ಫೋರ್ ಹಂಡ್ರೆಡ್ ಫೀಟ್’ ಅಂತ ಸಾವಿರ, ನೂರು ಸೇರಿಸಿ ಹೇಳಬೇಕು ಅನ್ನುವುದು ಯಾಕೆ ಅಂತ ಇದರಿಂದ ಗೊತ್ತಾಗುತ್ತದೆ. ಒಂಬತ್ತನ್ನು ‘ನೈನರ್’ ಅನ್ನುವುದೂ ಅದಕ್ಕೇ. ಗರಗರ ಸದ್ದಿನಲ್ಲಿ ಫೈವ್, ನೈನ್ ಎರಡೂ ಒಂದೇ ಥರ ಕೇಳಿಸುತ್ತವೆ.

ಹಾಗಂತ ಎಲ್ಲವನ್ನೂ ತಿರುಗಿ ಹೇಳಬೇಕಾಗಿಲ್ಲ. ಗಾಳಿ ಎಷ್ಟು ಬೀಸ್ತಿದೆ ಅನ್ನುವಂಥದ್ದಕ್ಕೆ ‘ರೋಜರ್’ ಸಾಕು. ರೋಜರ್ ಅಂದರೆ ‘ನೀವು ಹೇಳಿದ್ದು ಕೇಳಿಸಿತು’ ಅಂತ ಅಷ್ಟೇ, ‘ಹೌದು’ ಅಂತಲೂ ಅಲ್ಲ, ‘ಮಾಡ್ತೀನಿ’ ಅಂತಲೂ ಅಲ್ಲ. ಮಾಡ್ತೀನಿ ಅನ್ನೋಕೆ ‘ವಿಲ್ಕೋ’ ಅನ್ನುವ ಬೇರೆ ಪದವೇ ಇದೆ. ಆದರೆ ಎತ್ತರ, ದಿಕ್ಕು, ವೇಗ, ಹೋಗುವ ದಾರಿ, ಎತ್ತರ ತೋರಿಸುವ ಆಲ್ಟಿಮೀಟರ್‌ಗೆ ಹಾಕುವ ಗಾಳಿಯ ಒತ್ತಡದ ಅಂಕಿ, ರಾಡಾರ್‌ಗೆ ವಿಮಾನದ ಗುರುತು ಹೇಳುವ ಟ್ರಾನ್ಸ್‌ಪಾಂಡರ್‌ನ ನಾಲ್ಕಂಕಿ ಕೋಡ್, ರನ್‌ವೇಗೆ ಸಂಬಂಧಪಟ್ಟ ಯಾವುದೇ ಮಾತು, ಅಂದರೆ ಒಳಗೆ ಬನ್ನಿ, ದಾಟಿ, ಆಚೆಯೇ ನಿಲ್ಲಿ, ಏರಿ, ಇಳಿಯಿರಿ, ಇಷ್ಟನ್ನೂ ಪೈಲಟ್ ತಿರುಗಿ ಹೇಳಲೇಬೇಕು, ಜೊತೆಗೆ ತನ್ನ ವಿಮಾನದ ಕರೆ ಹೆಸರನ್ನೂ ಸೇರಿಸಬೇಕು. ಒಂದೇ ಕಂಪನಿಯ ನಾಲ್ಕೈದು ವಿಮಾನ ಒಂದೇ ಫ್ರೀಕ್ವೆನ್ಸಿಯಲ್ಲಿ, ಹೆಚ್ಚುಕಮ್ಮಿ ಒಂದೇ ಥರದ ನಂಬರ್ ಇಟ್ಟುಕೊಂಡು ಕಾಯ್ತಿರುವಾಗ, ಒಬ್ಬರಿಗೆ ಕೊಟ್ಟ ಕ್ಲಿಯರೆನ್ಸನ್ನು, ಅಂದರೆ ಅನುಮತಿಯನ್ನು, ಇನ್ನೊಬ್ಬರು ತೆಗೆದುಕೊಂಡರೆ ಏನಾಗಬಹುದು ಯೋಚಿಸಿ.

ಇನ್ನು ನೀವು ಕೇಳಿದ ಟೈಮ್ ವಿಷಯ. ಇದು ಒಳ್ಳೆ ಪ್ರಶ್ನೆ, ಯಾಕಂದ್ರೆ ರೇಡಿಯೋದಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡೋಕೆ ಆಗೋದು. ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಉಳಿದವರಿಗೆ ಕೀಂಯ್ ಅನ್ನುವ ಸದ್ದು ಮಾತ್ರ. ಆ ಸದ್ದು ಎಷ್ಟು ದುಬಾರಿ ಅನ್ನೋದು 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಗೊತ್ತಾಯಿತು. ದಟ್ಟ ಮಂಜು. ಕೆಎಲ್ಎಂ ವಿಮಾನ ರನ್‌ವೇ ತುದಿಯಲ್ಲಿ ನಿಂತಿತ್ತು, ಪ್ಯಾನ್ ಆಮ್ ವಿಮಾನ ಅದೇ ರನ್‌ವೇ ಮೇಲೆ ಎದುರಿನಿಂದ ಬರುತ್ತಿತ್ತು. ಕಂಟ್ರೋಲರ್ ಕೆಎಲ್ಎಂಗೆ ದಾರಿಯ ಕ್ಲಿಯರೆನ್ಸ್ ಕೊಟ್ಟರು, ಅಂದರೆ ಏರಿದ ಮೇಲೆ ಎತ್ತ ತಿರುಗಬೇಕು, ಎಷ್ಟು ಎತ್ತರಕ್ಕೆ ಹೋಗಬೇಕು ಅನ್ನುವ ವಿವರ. ಏರೋಕೆ ಅನುಮತಿ ಕೊಟ್ಟಿರಲಿಲ್ಲ. ಆದರೆ ಆ ವಾಕ್ಯದಲ್ಲಿ ‘ಟೇಕಾಫ್ ಆದ ಮೇಲೆ’ ಅನ್ನುವ ಮಾತಿತ್ತು. ಸಹ ಪೈಲಟ್ ಅದನ್ನು ಒಪ್ಪಿಸಿ, ಕೊನೆಗೆ ‘ವಿ ಆರ್ ನೌ ಅಟ್ ಟೇಕಾಫ್’ ಅಂದರು. ಅಷ್ಟರಲ್ಲಿ ವಿಮಾನ ಓಡತೊಡಗಿತ್ತು. ಕಂಟ್ರೋಲರ್ ಅದನ್ನು ‘ಟೇಕಾಫ್‌ಗೆ ರೆಡಿಯಾಗಿ ನಿಂತಿದ್ದೇವೆ’ ಅಂತ ತಿಳಿದು ‘ಓಕೆ’ ಅಂದರು. ಆಮೇಲೆ ‘ಕಾಯಿರಿ, ನಾನೇ ಕರೀತೀನಿ’ ಅಂದರು. ಸರಿಯಾಗಿ ಆಗಲೇ ಪ್ಯಾನ್ ಆಮ್‌ನವರು ‘ನಾವಿನ್ನೂ ರನ್‌ವೇ ಮೇಲಿದ್ದೇವೆ’ ಅಂತ ಬಟನ್ ಒತ್ತಿದರು. ಎರಡು ಮಾತೂ ಒಂದರ ಮೇಲೊಂದು ಬಿದ್ದವು. ಕೆಎಲ್ಎಂ ಕಾಕ್‌ಪಿಟ್‌ಗೆ ಸ್ಪಷ್ಟವಾಗಿ ತಲುಪಿದ್ದು ಆ ‘ಓಕೆ’ ಮಾತ್ರ. 583 ಜನ ಸತ್ತರು.

ನೀವು ಕೇಳಿದ ‘ಓಕೆ’ ಇದೇ. ಈಗ ನಿಜವಾಗಿ ಏರೋಕೆ ಅನುಮತಿ ಕೊಡುವಾಗ, ಇಲ್ಲವೇ ಕೊಟ್ಟಿದ್ದನ್ನು ವಾಪಸ್ ತೆಗೆದುಕೊಳ್ಳುವಾಗ ಬಿಟ್ಟರೆ ‘ಟೇಕಾಫ್’ ಪದವನ್ನು ಕಂಟ್ರೋಲರ್ ಬಳಸಲ್ಲ. ಬೇರೆ ಕಡೆಯೆಲ್ಲ ‘ಡಿಪಾರ್ಚರ್’ ಅಂತಾರೆ. ವಿಡಿಯೋದಲ್ಲಿ ಗಮನಿಸಿ, ಕೇಳಿಸುತ್ತದೆ.

ಹಾಗಾದ್ರೆ ಸರಿಯಾಗಿ ಒಪ್ಪಿಸಿದರೆ ಎಲ್ಲಾ ಸುರಕ್ಷಿತವಾ? ಅದೂ ಅಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 349 ಜನ ಸತ್ತರಲ್ಲ, ಅಲ್ಲಿ ದೆಹಲಿಗೆ ಇಳಿಯುತ್ತಿದ್ದ ಕಜಕಿಸ್ತಾನದ ವಿಮಾನಕ್ಕೆ 15,000 ಅಡಿಯಲ್ಲಿ ನಿಲ್ಲೋಕೆ ಹೇಳಿದ್ದರು. ದೆಹಲಿಯಿಂದ ಏರುತ್ತಿದ್ದ ಸೌದಿ ವಿಮಾನಕ್ಕೆ 14,000. ನಡುವೆ ಸಾವಿರ ಅಡಿ. ಇಳಿಯುತ್ತಿದ್ದ ವಿಮಾನ 15,000ದಲ್ಲಿ ನಿಲ್ಲದೆ ಕೆಳಗೆ ಬಂತು. ಆ ವಿಮಾನದಲ್ಲಿ ರೇಡಿಯೋದಲ್ಲಿ ಮಾತಾಡುತ್ತಿದ್ದವರು ಪೈಲಟ್ ಅಲ್ಲ, ಬೇರೆಯೇ ಒಬ್ಬ ರೇಡಿಯೋ ಆಪರೇಟರ್. ಮಾತಾಡುವ ಬಾಯಿ ಒಂದು, ವಿಮಾನ ಹಿಡಿದ ಕೈ ಇನ್ನೊಂದು.

ಅದಕ್ಕೇ ಇವತ್ತಿನ ಕಾಕ್‌ಪಿಟ್‌ನಲ್ಲಿ ರೇಡಿಯೋ ಮಾತು ಮುಗಿದ ಮೇಲೂ ಒಂದು ಸಣ್ಣ ಕೆಲಸ ನಡೆಯುತ್ತದೆ. ನನಗೆ ತುಂಬಾ ಇಷ್ಟವಾದದ್ದು ಇದೇ. ಒಬ್ಬ ಪೈಲಟ್ ಹೊಸ ಎತ್ತರವನ್ನು ಎದುರಿನ ಪ್ಯಾನೆಲ್‌ನ ಪುಟ್ಟ ಕಿಟಕಿಯಲ್ಲಿ ಗುಂಡಿ ತಿರುಗಿಸಿ ಹಾಕುತ್ತಾರೆ. ಬೆರಳು ತೋರಿಸಿ ಅಂಕಿಯನ್ನು ಓದುತ್ತಾರೆ. ಪಕ್ಕದವರು ಅದನ್ನೇ ನೋಡಿ ‘ಚೆಕ್ಡ್’ ಅನ್ನುತ್ತಾರೆ. ಕಿವಿಗೆ ಬಿದ್ದದ್ದು, ಬಾಯಲ್ಲಿ ಹೇಳಿದ್ದು, ಕೈಯಲ್ಲಿ ಹಾಕಿದ್ದು ಮೂರೂ ಒಂದೇನಾ ಅಂತ ಇಬ್ಬರೂ ನೋಡಿಕೊಂಡಂತಾಯಿತು. ಎದುರುಬದುರು ಬರುವ ಎರಡು ಜೆಟ್‌ಗಳು ಸೆಕೆಂಡಿಗೆ ಸುಮಾರು ಅರ್ಧ ಕಿಲೋಮೀಟರ್ ಹತ್ತಿರವಾಗುತ್ತಿರುವಾಗ ಆ ಎರಡು ಸೆಕೆಂಡ್ ಹಾಳಾದ ಟೈಮ್ ಅಂತ ನನಗೆ ಅನ್ನಿಸಲ್ಲ.

ತಿರುಗಿ ಹೇಳುವ ಅಭ್ಯಾಸ ಕಂಟ್ರೋಲರ್ ಮತ್ತು ಕಂಟ್ರೋಲರ್ ನಡುವೆಯೂ ಬೇಕು. 2022ರ ಜನವರಿ 7ರಂದು ನಮ್ಮ ಬೆಂಗಳೂರಿನಲ್ಲೇ, ಒಂದೇ ಕಂಪನಿಯ ಎರಡು ವಿಮಾನ ಅಕ್ಕಪಕ್ಕದ ರನ್‌ವೇಗಳಿಂದ ಬಹುತೇಕ ಒಟ್ಟಿಗೆ ಏರಿ, ಒಂದರ ಕಡೆಗೆ ಒಂದು ತಿರುಗಿದವು. ದಕ್ಷಿಣದ ರನ್‌ವೇ ನಿಲ್ಲಿಸಿ ಉತ್ತರದ್ದನ್ನು ಮಾತ್ರ ಬಳಸುವ ತೀರ್ಮಾನವಾಗಿತ್ತು, ಆದರೆ ಅದು ದಕ್ಷಿಣದ ರನ್‌ವೇ ನೋಡಿಕೊಳ್ಳುತ್ತಿದ್ದ ಕಂಟ್ರೋಲರ್‌ಗೆ ತಲುಪಿರಲಿಲ್ಲ. ರಾಡಾರ್ ಮುಂದೆ ಕೂತಿದ್ದವರು ನೋಡಿ, ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಉಳಿಸಿದರು. ಅವರಿಗೆ ನಿಜಕ್ಕೂ ಕೈ ಮುಗಿಯಬೇಕು.

ಈಗ ಎಷ್ಟೋ ದೊಡ್ಡ ನಿಲ್ದಾಣಗಳಲ್ಲಿ ಹೊರಡುವ ಮುಂಚಿನ ಕ್ಲಿಯರೆನ್ಸ್ ಮೆಸೇಜ್ ಥರ ಸ್ಕ್ರೀನ್ ಮೇಲೇ ಬರುತ್ತದೆ, ಸಾಗರದ ಮೇಲೆ ಹಾರುವಾಗಲೂ ಹೀಗೇ. ಫ್ರೀಕ್ವೆನ್ಸಿ ಖಾಲಿ ಉಳಿಯುತ್ತದೆ, ಟೂ–ಟು ಗಲಿಬಿಲಿಯೂ ಇಲ್ಲ. ಆದರೂ ಓದಿ ಸುಮ್ಮನಿರುವ ಹಾಗಿಲ್ಲ. ಪೈಲಟ್ ಉತ್ತರ ಕಳಿಸುವವರೆಗೆ ಕಂಟ್ರೋಲರ್ ಕಡೆ ಅದು ಮುಗಿಯದ ಕೆಲಸವಾಗಿಯೇ ಇರುತ್ತದೆ.