ಮಲ್ಲೇಶ್ವರ ಪ್ಲೇಗಿನ ಕೂಸಲ್ಲ

ಪ್ರಶ್ನೆ: ಬೆಂಗಳೂರಿಗೆ ಪ್ಲೇಗು ಬಂದಾಗ ಕಾಡು ಕಡಿದು ಮಲ್ಲೇಶ್ವರ ಕಟ್ಟಿದರಂತೆ, ಹೌದಾ?

ಉತ್ತರ: ಈ ‘ಅಂತೆ’ಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಇರಲಿ, ಇನ್ನೊಂದು ಸಲ.

ಮೊದಲು ಇಸವಿ ನೋಡಿ. ಬೆಂಗಳೂರಲ್ಲಿ ಪ್ಲೇಗು ಕಾಣಿಸಿಕೊಂಡದ್ದು 1898ರ ಆಗಸ್ಟ್‌ನಲ್ಲಿ. ಮಲ್ಲೇಶ್ವರ, ಬಸವನಗುಡಿಗಳ ಯೋಜನೆ ಅದಕ್ಕೂ ವರ್ಷಗಳ ಹಿಂದಿನದು. ಪೇಟೆಯೊಳಗೆ ಜನ ಕಿಕ್ಕಿರಿದಿದ್ದರು, ಊರು ಆಚೆಗೆ ಬೆಳೆಯಲೇಬೇಕಿತ್ತು. ಕೋಟೆಯ ಪಶ್ಚಿಮಕ್ಕೆ ಚಾಮರಾಜಪೇಟೆ 1892ರಲ್ಲೇ ಎದ್ದಿತ್ತು. ಆಗ ಯಾವ ಪ್ಲೇಗಿತ್ತು? ಮಾರಿ ಬಂದ ಮೇಲೆ ಹೊಸ ಬಡಾವಣೆಗಳ ಕೆಲಸಕ್ಕೆ ವೇಗ ಬಂತು, ಪೇಟೆಯವರು ಗಂಟುಮೂಟೆ ಕಟ್ಟಿದರು. ಅಷ್ಟು ನಿಜ. ಆದರೆ ಕಟ್ಟಿಸಿದ್ದೇ ಪ್ಲೇಗು ಅಂದರೆ ಮದುವೆಗೆ ಅವಸರ ಮಾಡಿದವರನ್ನೇ ಮದುಮಗ ಅಂದಹಾಗಾಯಿತು.

ಪ್ಲೇಗಿಗಾಗಿಯೇ ಕಟ್ಟಿದ ಬಡಾವಣೆ ನೋಡಬೇಕೆನ್ನುವವರು ದಂಡಿನ ಕಡೆ, ಅಂದರೆ ಬ್ರಿಟಿಷರ ಕಂಟೋನ್ಮೆಂಟ್ ಇದ್ದ ಕಡೆ ಹೋಗಿ. ಫ್ರೇಜರ್ ಟೌನ್ ಇದೆ, ಈಗಿನ ಪುಲಕೇಶಿನಗರ. ಇಲಿ ಸೇರದಂಥ ಮನೆ ಕಟ್ಟಬೇಕೆಂದು ಹಟ ಹಿಡಿದು, ಮಾರಿ ಬಂದು ಎಷ್ಟೋ ವರ್ಷ ಕಳೆದ ಮೇಲೆ ರೂಪಿಸಿದ ಊರು ಅದು. ಅದರ ಕಥೆಯನ್ನು ಎತ್ತಿ ತಂದು ಮಲ್ಲೇಶ್ವರಕ್ಕೆ ಅಂಟಿಸಬೇಡಿ.

ಇನ್ನು ‘ಕಾಡು ಕಡಿದು’. ಹದಿನೈದನೇ ಕ್ರಾಸಿನ ಕಾಡು ಮಲ್ಲೇಶ್ವರ ದೇವಸ್ಥಾನದ ಹೆಸರು ಕೇಳಿದವರೆಲ್ಲ ಇಲ್ಲಿ ಹುಲಿ ಓಡಾಡುತ್ತಿತ್ತು ಎಂದೇ ತೀರ್ಮಾನಿಸುತ್ತಾರೆ. 1669ರ ಶಾಸನ ಓದಿ ನೋಡಿ. ಶಿವಾಜಿಯ ಮಲತಮ್ಮ ಏಕೋಜಿ ಮಲ್ಲಪುರದ, ಅಂದರೆ ಈಗಿನ ಮಲ್ಲೇಶ್ವರದ, ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟದ್ದು ಅದರಲ್ಲಿದೆ. ದತ್ತಿ ಬಿಡಲು ಹಳ್ಳಿ ಬೇಕು, ಹಳ್ಳಿಯಲ್ಲಿ ಉಳುವ ಜನ ಬೇಕು. ಕಾಡಿನಲ್ಲಿ ಕಂದಾಯ ಹುಟ್ಟುವುದಿಲ್ಲ.

ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ, ಗೌರಿ ಹಬ್ಬದ ಹಿಂದಿನ ದಿನದ ಎಂಟನೇ ಕ್ರಾಸಿನ ನೂಕುನುಗ್ಗಲು, ಇವೆಲ್ಲ ನಿಮಗೆ ಗೊತ್ತಿರುವುದೇ.

ಯಾರೂ ಕೇಳದ ಪ್ರಶ್ನೆ ಒಂದಿದೆ, ನಾನೇ ಕೇಳಿಕೊಳ್ಳುತ್ತೇನೆ. ಎರಡು ಸಾಲು ಮನೆಗಳ ಹಿತ್ತಿಲ ನಡುವೆ ಆ ಕಿರಿದಾದ ಓಣಿ ಯಾಕಿದೆ? ಅದು ಕನ್ಸರ್ವೆನ್ಸಿ ಲೇನ್. ಒಳಚರಂಡಿ ಇಲ್ಲದ ಕಾಲದಲ್ಲಿ ಕಕ್ಕಸು ಹಿತ್ತಿಲ ಗೋಡೆಗೆ ಒತ್ತಿಕೊಂಡಿರುತ್ತಿತ್ತು. ಮಲ ಬಳಿದು ಹೊತ್ತೊಯ್ಯುವವರು ಮುಂಬಾಗಿಲ ಕಡೆ ಸುಳಿಯದೆ ಹಿಂದಿನಿಂದಲೇ ಬಂದು ಹೋಗಲೆಂದು ಈ ದಾರಿ. ಗಾಳಿ, ಬೆಳಕು, ಅಗಲವಾದ ರಸ್ತೆ ಎಂದು ಹೊಗಳುವ ಅದೇ ನಕ್ಷೆಯಲ್ಲಿ ಜಾತಿಗೂ ಅಳತೆ ಹಾಕಿ ಜಾಗ ಬಿಟ್ಟಿದ್ದರು. ಈಗ ಓಣಿಗಳಲ್ಲಿ ಸ್ಕೂಟರು ನಿಲ್ಲುತ್ತವೆ, ಹಳೇ ಮಂಚ, ಒಡೆದ ಕುಂಡ ಬಂದು ಬೀಳುತ್ತವೆ. ಒಂದೆರಡನ್ನು ತೊಳೆದು, ಬಣ್ಣ ಬಳಿದು ಓಡಾಡುವ ಹಾಗೆ ಮಾಡಿದ್ದಾರೆ. ಒಳ್ಳೆಯದೇ, ಆದರೆ ಗೋಡೆಯ ಚಿತ್ರದ ಜೊತೆಗೆ ಈ ಓಣಿ ಯಾರಿಗಾಗಿ ಇತ್ತು ಎಂಬುದನ್ನೂ ಒಂದು ಸಾಲು ಬರೆದು ಹಾಕಲಿ.